ಡಬ್ಬದ ಮೇಲೆ 1200 ವ್ಯಾಟ್, ಬಾನೆಟ್ ಒಳಗೆ ಹೊಗೆ...

ಕೋಪ ಇಳಿದ ಮೇಲೆ ಬರೆಯೋಣ ಅಂತ ಒಂದು ತಿಂಗಳು ಕಾದೆ. ಇಳೀಲಿಲ್ಲ. ಹಾಗಾಗಿ ಕೋಪದಲ್ಲೇ ಬರೀತಿದ್ದೀನಿ. ಅಲ್ಲಲ್ಲಿ ಖಾರ ಜಾಸ್ತಿ ಅನ್ನಿಸಿದರೆ ಒಂದು ಲೋಟ ಮಜ್ಜಿಗೆ ಕುಡಿದು ಮುಂದಕ್ಕೆ ಓದಿ :-)

ಇಲ್ಲಿಗೆ ಬರುವ ನಿಮಗೆಲ್ಲ ನನ್ನ ಸರಕು ಗೊತ್ತೇ ಇದೆ. ಊರಿನ ಕೆರೆ, ಅಜ್ಜಿಯ ಹಪ್ಪಳ, ಕೆಂಪು ಬಸ್ಸಿನ ಕಿಟಕಿ ಸೀಟು... ಇವತ್ತು ಮಾತ್ರ ಕಾರಿನ ಸಬ್‌ವೂಫರ್ ಮತ್ತು ಆಂಪ್ಲಿಫೈಯರ್ ಬಗ್ಗೆ. "ಅಯ್ಯೋ, ಇದು ಪಡ್ಡೆ ಹುಡುಗರ ವಿಷಯ" ಅಂತ ಟ್ಯಾಬ್ ಮುಚ್ಚೋಕೆ ಹೊರಟವರು ಒಂದು ನಿಮಿಷ ನಿಲ್ಲಿ. ನಿಮ್ಮ ಮೇಲೂ ಸ್ವಲ್ಪ ಕೋಪ ಇದೆ, ಅದು ಆಮೇಲೆ.

ಮೊದಲು ಆಗಿದ್ದು ಹೇಳ್ತೀನಿ. ನಮ್ಮ ಚಿಕ್ಕಪ್ಪನ ಮಗ ಹಾಸನದಲ್ಲಿ ಕೆಲಸದಲ್ಲಿದ್ದಾನೆ. ಮೂರು ವರ್ಷ ದುಡ್ಡು ಕೂಡಿಟ್ಟು ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡ. ಕಾರು ಬಂದ ಎರಡನೇ ವಾರಕ್ಕೇ ಡಿಕ್ಕಿಯಲ್ಲಿ ಸಬ್‌ವೂಫರ್ ಬಂತು. 12 ಇಂಚಿನದು. ಡಬ್ಬದ ಮೇಲೆ ಬೆಂಕಿ ಉಗುಳುವ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ 1200 ವ್ಯಾಟ್. ಜೊತೆಗೆ ಒಂದು ಆಂಪ್, ಅದರ ಮೇಲೆ 1500 ವ್ಯಾಟ್. "ಅಣ್ಣಾ, ಸಬ್ 1200, ಆಂಪ್ 1500, ಕರೆಕ್ಟ್ ಮ್ಯಾಚಿಂಗ್ ಅಂತೆ, ಕಾಂಬೋ ಆಫರ್‌ನಲ್ಲಿ ಕೊಟ್ರು" ಅಂತ ಫೋನ್ ಮಾಡಿ ಖುಷಿಯಿಂದ ಹೇಳಿದ. ನಾನೂ "ಆಯ್ತಪ್ಪಾ, ಒಳ್ಳೇದು" ಅಂದೆ. ಆವತ್ತೇ ಎರಡು ಪ್ರಶ್ನೆ ಕೇಳಬೇಕಿತ್ತು. ಕೇಳಲಿಲ್ಲ. ಈ ಬರಹದ ಅರ್ಧ ಕೋಪ ನನ್ನ ಮೇಲೇ.

ಒಂದು ಭಾನುವಾರ ಬೆಂಗಳೂರಿಂದ ಹಾಸನಕ್ಕೆ ಅದೇ ಕಾರಲ್ಲಿ ಹೊರಟ್ವಿ. ಅವನು ಓಡಿಸ್ತಿದ್ದ, ಪಕ್ಕದಲ್ಲಿ ನಾನು, ಹಿಂದೆ ಚಿಕ್ಕಮ್ಮ ಮತ್ತು ನನ್ನ ಆರು ವರ್ಷದ ಮಗಳು. ಕುಣಿಗಲ್ ಬರುವಷ್ಟರಲ್ಲಿ ಆಂಪ್ ಎರಡು ಸಲ ತಾನಾಗೇ ಆಫ್ ಆಗಿತ್ತು. "ಬಿಸಿಯಾದ್ರೆ ಹಾಗೇ ಅಣ್ಣಾ, ಸ್ವಲ್ಪ ಹೊತ್ತು ಬಿಟ್ರೆ ಬರುತ್ತೆ" ಅಂದ. ಎಡೆಯೂರು ದಾಟಿ ಬೆಳ್ಳೂರು ಕ್ರಾಸ್ ಕಡೆ ಹೋಗ್ತಿರುವಾಗ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಆಮೇಲೆ ನನ್ನ ಕಾಲ ಹತ್ತಿರ, ಡ್ಯಾಶ್‌ಬೋರ್ಡ್ ಕೆಳಗಿಂದ ಬಿಳೀ ಹೊಗೆ. ಗಾಡಿ ಪಕ್ಕಕ್ಕೆ ಹಾಕಿ ಎಲ್ಲರನ್ನೂ ಇಳಿಸಿ ಬಾನೆಟ್ ಎತ್ತಿದರೆ ಅಲ್ಲೂ ಹೊಗೆ. ಬ್ಯಾಟರಿ ಟರ್ಮಿನಲ್ ಬಿಚ್ಚೋಕೆ ಬೇಕಾಗಿದ್ದು ಒಂದು ಹತ್ತನೇ ನಂಬರ್ ಸ್ಪ್ಯಾನರ್. ನಮ್ಮ ಹತ್ತಿರ ಇರಲಿಲ್ಲ! ಎದುರಿಗೇ ಇದ್ದ ಪಂಕ್ಚರ್ ಅಂಗಡಿಯ ಹುಡುಗ ಓಡಿ ಬಂದು ಎರಡು ಸುತ್ತು ತಿರುಗಿಸಿ ಟರ್ಮಿನಲ್ ಕಿತ್ತ. ದುಡ್ಡು ಕೊಡೋಕೆ ಹೋದರೆ "ಬೇಡ ಸಾರ್, ಪಾಪುಗೆ ನೀರು ಕೊಡಿ ಮೊದ್ಲು" ಅಂದ. ಆ ಹುಡುಗನಿಗೆ ಈ ಬರಹ ಅರ್ಪಣೆ.

ಊರಿಗೆ ಹೋಗಿ ಬಿಚ್ಚಿ ನೋಡಿದಾಗ ಕಥೆ ತಿಳೀತು. ಬ್ಯಾಟರಿಯಿಂದ ಆಂಪ್‌ಗೆ ಬರುವ ಪವರ್ ವೈರ್, ಇಂಜಿನ್ ಕಡೆಯಿಂದ ಕಾರಿನ ಒಳಕ್ಕೆ ಒಂದು ಕಬ್ಬಿಣದ ತೂತಿನಲ್ಲಿ ಬಂದಿತ್ತು. ತೂತಿಗೆ ರಬ್ಬರ್ ಬುಷ್ ಹಾಕಿರಲಿಲ್ಲ. ತಗಡಿನ ಅಂಚಿಗೆ ಉಜ್ಜಿ ಉಜ್ಜಿ ವೈರಿನ ಮೇಲಿನ ಪ್ಲಾಸ್ಟಿಕ್ ಹರಿದು ಬಾಡಿಗೆ ಶಾರ್ಟ್ ಆಗಿದೆ. ಬ್ಯಾಟರಿ ಹತ್ತಿರ ಫ್ಯೂಸ್ ಇರಬೇಕಾದ ಜಾಗದಲ್ಲಿ ಏನೂ ಇಲ್ಲ, ನೇರ ವೈರ್. ಇನ್ಸುಲೇಷನ್ ದಪ್ಪಗಿದ್ದದ್ದಕ್ಕೆ ವೈರ್ ದಪ್ಪ ಅಂದುಕೊಂಡಿದ್ವಿ. ಒಳಗಿದ್ದಿದ್ದು ಬೆರಳಿನ ಕಡ್ಡಿಯಷ್ಟು ಸಣ್ಣ, ಅದೂ ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ.

ಅಂಗಡಿಯ ಹೆಸರು ಬೇಡ, ಬೀದಿಯೂ ಬೇಡ. ಒಬ್ಬನ ಹೆಸರು ಹೇಳಿದರೆ ಉಳಿದವರೆಲ್ಲ ಸಾಚಾ ಅಂದ ಹಾಗಾಗುತ್ತೆ. ನನ್ನ ಜಗಳ ಆ ಒಂದು ಅಂಗಡಿ ಜೊತೆಗಲ್ಲ, ಡಬ್ಬದ ಮೇಲಿನ ಆ ಅಂಕಿಯ ಜೊತೆಗೆ. ಎಲ್ಲ ಅನಾಹುತ ಶುರುವಾಗೋದು ಅಲ್ಲಿಂದಲೇ.

ನೆನಪಿದೆಯಾ, ಕ್ಯಾಸೆಟ್ ಕಾಲದಲ್ಲಿ ಪುಟಾಣಿ ಟೇಪ್‌ರೆಕಾರ್ಡರ್ ಮೇಲೆ ಪಿ.ಎಂ.ಪಿ.ಓ. ಅಂತ ಸಾವಿರಗಟ್ಟಲೆ ವ್ಯಾಟ್ ಬರೆದಿರುತ್ತಿದ್ದರು? ಅಡಾಪ್ಟರ್ ನೋಡಿದರೆ 12 ವೋಲ್ಟ್ 1 ಆಂಪಿಯರ್, ಅಂದರೆ 12 ವ್ಯಾಟ್! ಆ ಸುಳ್ಳು ಸತ್ತಿಲ್ಲ, ಕಾರಿಗೆ ವಲಸೆ ಹೋಗಿದೆ ಅಷ್ಟೆ. ಈಗ ಅದರ ಹೆಸರು "ಮ್ಯಾಕ್ಸ್ ಪವರ್", "ಪೀಕ್ ಪವರ್". ಕ್ಷಣಾರ್ಧಕ್ಕೆ ಬರಬಹುದಾದ, ಕೆಲವು ಸಲ ಅಷ್ಟೂ ಬಾರದ ಅಂಕಿ. ನಿಮಗೆ ಬೇಕಾದ್ದು ಆರ್.ಎಂ.ಎಸ್., ಅಂದರೆ ಆಂಪ್ ಒಂದೇ ಸಮನೆ ಎಷ್ಟು ಕೊಡುತ್ತೆ, ಸಬ್ ಒಂದೇ ಸಮನೆ ಎಷ್ಟು ತಡೆಯುತ್ತೆ ಅನ್ನೋದು. ತಮ್ಮನ ಸಬ್ಬಿನ ಕೈಪಿಡಿಯ ಮೂರನೇ ಪುಟದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಇತ್ತು: 300 ವ್ಯಾಟ್ ಆರ್.ಎಂ.ಎಸ್. ಡಬ್ಬದ ಮೇಲೆ 1200, ಒಳಗೆ 300!

ಈ ಸುಳ್ಳು ಅಗ್ಗದ ಮಾಲಿಗೆ ಮಾತ್ರ ಅಂದುಕೋಬೇಡಿ. ಡ್ಯಾಶ್‌ಬೋರ್ಡಿನಲ್ಲಿ ಕೂರುವ ಸ್ಟೀರಿಯೋ ಮೇಲೆ "50 ವ್ಯಾಟ್ x 4" ಅಂತ ದೊಡ್ಡ ದೊಡ್ಡ ಕಂಪನಿಗಳೂ ಬರೀತಾವೆ. ಲೆಕ್ಕ ಹಾಕಿ ನೋಡೋಣ. ಇಂಜಿನ್ ಓಡುವಾಗ ಕಾರಿನಲ್ಲಿ ಸಿಗೋದು ಹೆಚ್ಚೆಂದರೆ 14.4 ವೋಲ್ಟ್. ಸ್ಟೀರಿಯೋ ಒಳಗಿನ ಐಸಿಗೆ ವೋಲ್ಟೇಜ್ ಏರಿಸುವ ವ್ಯವಸ್ಥೆ ಸಾಮಾನ್ಯವಾಗಿ ಇರೋಲ್ಲ. 14.4ರ ಪೀಕ್ ಇರುವ ಶುದ್ಧ ಅಲೆಯ ಆರ್.ಎಂ.ಎಸ್. ಸುಮಾರು 10.2 ವೋಲ್ಟ್. ಅದರ ವರ್ಗವನ್ನು ಸ್ಪೀಕರಿನ 4 ಓಮ್‌ನಿಂದ ಭಾಗಿಸಿದರೆ 26 ವ್ಯಾಟ್. ಇದು ಒಂದು ಚೂರೂ ನಷ್ಟವಾಗದಿದ್ದರೆ. ನಿಜದಲ್ಲಿ 20ರ ಆಸುಪಾಸು. ಹೈಸ್ಕೂಲ್ ವಿಜ್ಞಾನದ ಓಮನ ನಿಯಮವೇ "50 ಸಾಧ್ಯವಿಲ್ಲ ಕಣಪ್ಪಾ" ಅನ್ನುತ್ತೆ.

ಇದಕ್ಕೆ ಮದ್ದು ಇಲ್ಲವೇ? ಇದೆ. ಅಮೆರಿಕದ ಉದ್ಯಮ ಸಂಘ 2003ರಲ್ಲಿ ಸಿಇಎ-2006 ಅಂತ ಒಂದು ಮಾನದಂಡ ತಂತು (ಹೆಸರಿನಲ್ಲಿ 2006, ಬಂದಿದ್ದು 2003ರಲ್ಲಿ, ಈಗ ಸಿಟಿಎ-2006 ಅಂತ ಕರೀತಾರೆ). 14.4 ವೋಲ್ಟ್, 4 ಓಮ್, ಧ್ವನಿಯ ವಿರೂಪ ಶೇಕಡಾ 1 ಮೀರದಂತೆ ಎಷ್ಟು ವ್ಯಾಟ್ ಅಂತ ಅಳೆದು ಬರೆಯಬೇಕು. ಆದರೆ ಅದು ಇಷ್ಟವಿದ್ದವರಿಗೆ ಮಾತ್ರ, ಕಡ್ಡಾಯವಲ್ಲ. ಆಂಪ್ ಡಬ್ಬದ ಮೇಲೆ ಆ ಗುರುತಿದ್ದರೆ ಅಂಕಿಯನ್ನು ನಂಬಬಹುದು.

ಗುರುತಿಲ್ಲದಿದ್ದರೆ? ಆಂಪ್ ತಿರುಗಿಸಿ ಅದರ ಫ್ಯೂಸ್ ನೋಡಿ. ಡಬ್ಬ ಬರೆಯುವವನು ಮಾರಾಟದವನು, ಫ್ಯೂಸ್ ಹಾಕುವವನು ಎಂಜಿನಿಯರ್. ತಮ್ಮನ 1500 ವ್ಯಾಟಿನ ಆಂಪ್‌ನಲ್ಲಿ 15 ಆಂಪಿಯರಿನ ಎರಡು ಫ್ಯೂಸ್. ಒಟ್ಟು 30 ಆಂಪಿಯರ್, 13.8 ವೋಲ್ಟಿಗೆ ಗುಣಿಸಿದರೆ 414 ವ್ಯಾಟ್. ಅದು ಒಳಗೆ ಹೋಗೋದು! ಕ್ಲಾಸ್ ಎಬಿ ಆಂಪ್ ಆದ್ದರಿಂದ ಹೆಚ್ಚುಕಡಿಮೆ ಅರ್ಧ ಬಿಸಿಯಾಗಿ ಹಾಳಾಗುತ್ತೆ. ಸ್ಪೀಕರಿಗೆ ಬರೋದು 200ರಿಂದ 250. ಕ್ಲಾಸ್ ಡಿ ಆದರೆ ಶೇಕಡಾ 80ರಷ್ಟು ಹೊರಗೆ ಬರುತ್ತೆ, ಅದಕ್ಕೇ ಸಬ್ಬಿಗೆ ಕ್ಲಾಸ್ ಡಿ ಮೋನೋ ಆಂಪ್ ಒಳ್ಳೇದು ಅನ್ನೋದು. ಫ್ಯೂಸಿನ ಲೆಕ್ಕ ಚಿನ್ನದ ತಕ್ಕಡಿ ಅಲ್ಲ, ಅಂದಾಜು. ಆದರೆ 1500 ಅಂದಿದ್ದು 250 ಅಂತ ತಿಳಿಯೋಕೆ ತಕ್ಕಡಿ ಯಾಕೆ ಬೇಕು?

ಇಷ್ಟಾದ ಮೇಲೆ ಅಂಗಡಿಗೆ ಹೋಗಿ ಕೇಳಿದೆ. ಅವರ ಉತ್ತರ: "ಏನ್ ಸಾರ್, ಲೆಕ್ಕ ಎಲ್ಲಾ ಮಾಡ್ತೀರಾ, ಮ್ಯೂಸಿಕ್ ಅಂದ್ರೆ ಫೀಲ್ ಸಾರ್. ಕಿವಿಗೆ ಕೇಳುದ್ರೆ ಮುಗೀತಲ್ವಾ?" ಈ ಮಾತಿಗೆ ನಾನು ಅಲ್ಲೇ ಉತ್ತರ ಕೊಡಲಿಲ್ಲ. ಇಲ್ಲಿ ಕೊಡ್ತೀನಿ.

ಸ್ವಾಮೀ, ಸಂಗೀತಕ್ಕೆ ಲೆಕ್ಕ ಬೇಡ ಅಂದವರು ಯಾರು? ಮೃದಂಗದವರು ಕಛೇರಿಗೆ ಮೊದಲು ಎಡಗಡೆಗೆ ರವೆ ಕಲಸಿ ಅಂಟಿಸೋದನ್ನು ನೋಡಿದ್ದೀರಾ? ಒಂದು ಚಿಟಿಕೆ ಹೆಚ್ಚಾದರೂ ಕಿತ್ತು ಮತ್ತೆ ಹಚ್ಚುತ್ತಾರೆ. ಆ "ಧೋಂ" ಹುಟ್ಟೋದು ಹಾಗೆ. ಡೊಳ್ಳಿನವರು ಕುಣಿತಕ್ಕೆ ಮೊದಲು ಹಗ್ಗ ಬಿಗಿದು ಬಾರಿಸಿ ನೋಡುತ್ತಾರೆ. ಚರ್ಮಕ್ಕೆ ಇರುವ ಮರ್ಯಾದೆ ಕೋನಿಗೆ ಯಾಕಿಲ್ಲ?

ಇನ್ನು ಓಮ್ ಕಥೆ. ನನಗೆ ಅತೀ ಸಿಟ್ಟು ಬಂದಿದ್ದು ಇಲ್ಲೇ, ಸ್ವಲ್ಪ ತಾಳ್ಮೆಯಿಂದ ಓದಿ. ತಮ್ಮನ ಸಬ್ಬಿನಲ್ಲಿ ವಾಯ್ಸ್ ಕಾಯಿಲ್ ಎರಡು, ಒಂದೊಂದೂ 4 ಓಮ್. ಎರಡನ್ನೂ ಪ್ಯಾರಲಲ್ ಕೊಟ್ಟರೆ 2 ಓಮ್, ಸೀರೀಸ್ ಕೊಟ್ಟರೆ 8 ಓಮ್. ಆಂಪ್ ಎರಡು ಚಾನೆಲ್ಲಿನದು, ಬ್ರಿಡ್ಜ್ ಮಾಡಿದರೆ ಕನಿಷ್ಠ 4 ಓಮ್ ಇರಲೇಬೇಕು ಅಂತ ಅದರ ಮೈಮೇಲೇ ಅಚ್ಚಾಗಿದೆ. ಈಗ ನೀವೇ ಹೇಳಿ, ಎರಡೂ ಕಾಯಿಲ್ ಬಳಸಿ 4 ಓಮ್ ಮಾಡೋದು ಹೇಗೆ? ಆಗೋದೇ ಇಲ್ಲ! ಎರಡೆರಡು ಓಮಿನ ಕಾಯಿಲ್ ಇರುವ ಸಬ್ ಕೊಟ್ಟಿದ್ದರೆ ಸೀರೀಸ್ ಮಾಡಿ 4 ಬರುತ್ತಿತ್ತು. "ಕರೆಕ್ಟ್ ಮ್ಯಾಚಿಂಗ್" ಅಂತ ಮಾರಿದ ಜೋಡಿ ಯಾವ ಜನ್ಮದಲ್ಲೂ ಮ್ಯಾಚ್ ಆಗದ ಜೋಡಿ. ಜಾತಕ ನೋಡದೆ ಮಾಡಿದ ಮದುವೆ ಅನ್ನೋಣ ಅಂದರೆ, ಇಲ್ಲಿ ಜಾತಕ ಡಬ್ಬದ ಮೇಲೇ ಅಚ್ಚಾಗಿತ್ತು.

ಅಂಗಡಿಯವರು 2 ಓಮ್‌ಗೆ ಜೋಡಿಸಿದ್ದರು. ಬ್ರಿಡ್ಜ್ ಮಾಡಿದಾಗ ಆಂಪಿನ ಒಂದೊಂದು ಚಾನೆಲ್ಲಿಗೂ ಆ ಭಾರ ಅರ್ಧವಾಗಿ, 1 ಓಮ್ ಆಗಿ ಕಾಣುತ್ತೆ. ಅದಕ್ಕೇ ಕುಣಿಗಲ್ಲಿನಲ್ಲಿ ಎರಡು ಸಲ ಉಸಿರು ಬಿಟ್ಟಿದ್ದು. ಕಂಪನಿ ಪಾಪ "ಪ್ರೊಟೆಕ್ಟ್" ಅಂತ ಒಂದು ಕೆಂಪು ದೀಪ ಕೊಟ್ಟಿದೆ, ನಾವು ಅದನ್ನು ಡೆಕೋರೇಷನ್ ಅಂದುಕೊಂಡ್ವಿ.

ಸಬ್ಬೂ ಸುಟ್ಟಿತ್ತು. ಬಿಚ್ಚಿ ಮೂಗಿಗೆ ಹಿಡಿದರೆ ಗೊತ್ತಾಗುತ್ತೆ, ಸುಟ್ಟ ವಾರ್ನಿಷ್ ವಾಸನೆ. ಇಲ್ಲಿ ಒಬ್ಬೊಬ್ಬರದು ಒಂದೊಂದು ಪುರಾಣ. ಆಂಪ್ ದೊಡ್ಡದಾದ್ರೆ ಸಬ್ ಸುಡುತ್ತೆ ಅಂತ ಕೆಲವರು, ಚಿಕ್ಕದಾದ್ರೆ ಸುಡುತ್ತೆ ಅಂತ ಕೆಲವರು. ಚಿಕ್ಕ ಆಂಪ್ ತನ್ನಷ್ಟಕ್ಕೆ ಯಾರನ್ನೂ ಸುಡೋಲ್ಲ, ಸದ್ದು ಕಡಿಮೆ ಬರುತ್ತೆ ಅಷ್ಟೆ. ಸುಡೋದು ಅದರ ಶಕ್ತಿಗೆ ಮೀರಿ ಹಿಂಡಿದಾಗ. ಆಗ ಅಲೆಯ ನೆತ್ತಿ ಕತ್ತರಿಸಿ ಚೌಕವಾಗುತ್ತೆ, ಅದನ್ನು ಕ್ಲಿಪ್ಪಿಂಗ್ ಅಂತಾರೆ. ಒಂದೇ ಎತ್ತರದ ದುಂಡನೆ ಅಲೆಗಿಂತ ಪೂರ್ತಿ ಚೌಕದ ಅಲೆಯಲ್ಲಿ ಎರಡು ಪಟ್ಟು ಪವರ್ ಇರುತ್ತೆ. ಹಾಗೆ 250ರ ಆಂಪ್ ಕೂಡ 300ರ ಕಾಯಿಲನ್ನು ಹುರಿದು ಹಾಕಬಲ್ಲದು.

ಹಿಂಡಿದ್ದು ಯಾರು? "ಗೇನ್" ಅಂತ ಆಂಪ್ ಮೇಲೆ ಒಂದು ತಿರುಪು ಇರುತ್ತೆ. ಅದು ವಾಲ್ಯೂಮ್ ಅಲ್ಲ, ಅಲ್ಲ, ಅಲ್ಲ! ಸ್ಟೀರಿಯೋದಿಂದ ಬರುವ ಸಿಗ್ನಲ್ಲಿನ ವೋಲ್ಟೇಜಿಗೆ ಆಂಪನ್ನು ಹೊಂದಿಸೋಕೆ ಇರೋದು. ತಮ್ಮನದು ಕೊನೆ ತನಕ ತಿರುಗಿಸಿತ್ತು, ಬೇಸ್ ಬೂಸ್ಟೂ ಫುಲ್. ಸರಿಯಾಗಿ ಇಡೋಕೆ ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಬೇಕಾದ ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೀರಿ. 300 ವ್ಯಾಟ್, 2 ಓಮ್ ಆದರೆ 600ರ ವರ್ಗಮೂಲ, 24.5 ವೋಲ್ಟ್. ಸಬ್ಬಿನ ವೈರ್ ಬಿಚ್ಚಿಡಿ, ಬೂಸ್ಟ್ ಸೊನ್ನೆ ಮಾಡಿ, ಸ್ಟೀರಿಯೋ ವಾಲ್ಯೂಮ್ ಮುಕ್ಕಾಲಿಗೆ ಇಡಿ, 50 ಹರ್ಟ್ಸಿನ ಟೆಸ್ಟ್ ಟೋನ್ ಹಾಕಿ, ಮೀಟರ್ ಎಸಿಗೆ ತಿರುಗಿಸಿ, ಆಂಪಿನ ಔಟ್‌ಪುಟ್ಟಿನಲ್ಲಿ 24.5 ಬರುವ ತನಕ ಮಾತ್ರ ಗೇನ್ ಏರಿಸಿ. ಹತ್ತು ನಿಮಿಷದ ಕೆಲಸ. ಇದನ್ನು ಮಾಡದೆ ಫಿಟ್ಟಿಂಗ್ ಚಾರ್ಜ್ ತಗೊಳ್ಳೋರಿಗೆ ಏನನ್ನಬೇಕು?

"ಆದ್ರೂ ದೊಡ್ಡದಿದ್ರೆ ಒಳ್ಳೇದಲ್ವಾ" ಅನ್ನೋರಿಗೆ ಇನ್ನೆರಡು ಅಂಕಿ. ಪವರ್ ಎರಡು ಪಟ್ಟಾದರೆ ಸದ್ದು ಹೆಚ್ಚಾಗೋದು ಬರೀ 3 ಡೆಸಿಬೆಲ್. ಕಿವಿಗೆ "ಎರಡು ಪಟ್ಟು ಜೋರು" ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ಪವರ್. 300ರ ಬದಲು 600 ವ್ಯಾಟ್ ಹಾಕಿಸಿದವನು ಜೇಬು ಪೂರ್ತಿ ಖಾಲಿ ಮಾಡಿ ತಗೊಳ್ಳೋದು ಆ 3 ಡೆಸಿಬೆಲ್. ಅದಕ್ಕೆ ಕರೆಂಟ್ ಎಲ್ಲಿಂದ? ಎಷ್ಟೋ ಸಣ್ಣ ಕಾರುಗಳ ಆಲ್ಟರ್ನೇಟರ್ 100 ಆಂಪಿಯರ್ ಕೂಡ ಕೊಡೋಲ್ಲ. ಅದರಲ್ಲೇ ಹೆಡ್‌ಲೈಟ್, ಏಸಿ ಫ್ಯಾನು, ವೈಪರ್ ಎಲ್ಲ ಬದುಕಬೇಕು. ರಾತ್ರಿ ಡ್ರಮ್ ಬಡಿದಾಗಲೆಲ್ಲ ಹೆಡ್‌ಲೈಟ್ ಮಂಕಾಗುವ ಕಾರು ಕಂಡರೆ ಅರ್ಥ ಮಾಡ್ಕೊಳ್ಳಿ.

ಪೆಟ್ಟಿಗೆ ಬಗ್ಗೆ ಯಾರೂ ಮಾತೇ ಆಡೋಲ್ಲ. ಸಬ್ ಅಂದರೆ ಅರ್ಧ, ಉಳಿದರ್ಧ ಅದು ಕೂರುವ ಪೆಟ್ಟಿಗೆ. ಯಾವ ಸ್ಪೀಕರಿಗೆ ಎಷ್ಟು ಲೀಟರಿನ ಪೆಟ್ಟಿಗೆ ಅಂತ ಲೆಕ್ಕ ಹಾಕೋಕೆ ನೆವಿಲ್ ಥೀಲ್, ರಿಚರ್ಡ್ ಸ್ಮಾಲ್ ಅನ್ನುವವರು 1960-70ರ ದಶಕಗಳಲ್ಲೇ ದಾರಿ ಮಾಡಿಕೊಟ್ಟಿದ್ದಾರೆ, ಇವತ್ತಿಗೂ ಸಬ್ಬಿನ ಕೈಪಿಡಿಯಲ್ಲಿ ಅವರ ಹೆಸರಿನ ಕೋಷ್ಟಕ ಇರುತ್ತೆ. ಅಂಗಡಿಯಲ್ಲಿ ಮಾತ್ರ 12 ಇಂಚಿನ ತೂತಿರುವ ರೆಡಿಮೇಡ್ ಡಬ್ಬ, ಎಲ್ಲರಿಗೂ ಅದೇ. ಅದಕ್ಕೊಂದು ಗಾಳಿ ಕೊಳವೆ ಇದ್ದರೆ ಸದ್ದು ಜೋರು ಬರೋದು ನಿಜ. ಆದರೆ ಆ ಕೊಳವೆ ಯಾವ ಹರ್ಟ್ಸಿಗೆ ಟ್ಯೂನ್ ಆಗಿದೆಯೋ ಅದಕ್ಕಿಂತ ಕೆಳಗಿನ ಸ್ವರ ಬಂದಾಗ ಒಳಗಿನ ಗಾಳಿಯ ತಡೆ ತಪ್ಪಿ ಕೋನ್ ಹಿಡಿತವಿಲ್ಲದೆ ಕುಣಿಯುತ್ತೆ. ಆಂಪ್‌ನಲ್ಲಿ ಸಬ್‌ಸಾನಿಕ್ ಫಿಲ್ಟರ್ ಇಲ್ಲದಿದ್ದರೆ ಕೋನ್ ಕಿತ್ತುಕೊಂಡು ಬರಬಹುದು.

ಸಣ್ಣ ಕಾರಿಗೆ ಅಷ್ಟೆಲ್ಲ ಬೇಡವೂ ಬೇಡ. ಬೇಸ್ ಗಿಟಾರಿನ ದಪ್ಪ ತಂತಿಯ ಸ್ವರ 41 ಹರ್ಟ್ಸ್. ಅದರ ಅಲೆಯ ಉದ್ದ 8 ಮೀಟರಿಗೂ ಹೆಚ್ಚು. ತೆರಿಗೆ ನಿಯಮದ ದೆಸೆಯಿಂದ ನಮ್ಮ ಎಷ್ಟೋ ಕಾರುಗಳು 4 ಮೀಟರಿನ ಒಳಗೇ ಇವೆ. ಅಲೆಗಿಂತ ಕೋಣೆ ಚಿಕ್ಕದಾದಾಗ ಒಳಗಿನ ಗಾಳಿ ಪೂರ್ತಿ ಒತ್ತಿ ಒತ್ತಿ ಬಿಡುತ್ತೆ, ಕೆಳಗಿನ ಸ್ವರಗಳು ತಾವಾಗೇ ಎದ್ದು ಬರುತ್ತವೆ. ಮುಚ್ಚಿದ ಪೆಟ್ಟಿಗೆಯಲ್ಲಿ ಒಂದು 10 ಇಂಚು, 250-300 ವ್ಯಾಟ್ ಆರ್.ಎಂ.ಎಸ್. ಹ್ಯಾಚ್‌ಬ್ಯಾಕಿಗೆ ಮಿಕ್ಕುತ್ತೆ. ನನಗೆ ಕೇಳಿದರೆ ಕೊಳ್ಳೋ ಕ್ರಮವೇ ತಿರುಗಾಮುರುಗಾ ಆಗಬೇಕು. ಮೊದಲು ಡಿಕ್ಕಿಯಲ್ಲಿ ಎಷ್ಟು ಜಾಗ ಬಿಟ್ಟುಕೊಡ್ತೀರಿ ಅಂತ ತೀರ್ಮಾನಿಸಿ, ಅದಕ್ಕೆ ಹಿಡಿಸುವ ಪೆಟ್ಟಿಗೆ, ಪೆಟ್ಟಿಗೆಗೆ ಹೊಂದುವ ಸಬ್, ಸಬ್ಬಿನ ಆರ್.ಎಂ.ಎಸ್. ಮತ್ತು ಓಮ್ ನೋಡಿ ಆಂಪ್, ಆಂಪಿನ ಫ್ಯೂಸ್ ನೋಡಿ ವೈರ್. ಅಂಗಡಿಯವರು ಶುರು ಮಾಡೋದು ಆಫರಿಂದ.

ವೈರಿಗೆ ಮಾತ್ರ ಜಿಪುಣತನ ಬೇಡ. ತಾಮ್ರದ್ದೇ ಕೇಳಿ. ತುದಿ ಕತ್ತರಿಸಿ ಚಾಕುವಿನಿಂದ ಕೆರೆದರೆ ಬೆಳ್ಳಗೆ ಕಂಡರೆ ಸಾಮಾನ್ಯವಾಗಿ ಅಲ್ಯೂಮಿನಿಯಂ. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು. "ಆಂಪ್‌ನಲ್ಲೇ ಫ್ಯೂಸ್ ಇದೆಯಲ್ಲ" ಅಂತಾರೆ. ಅದು ಆಂಪಿಗೆ. ಬ್ಯಾಟರಿ ಹತ್ತಿರದ್ದು ವೈರಿಗೆ, ವೈರಿನ ದಾರಿಯಲ್ಲಿ ಕೂತಿರುವ ಮನುಷ್ಯರಿಗೆ. ಹಾಂ, ಇನ್ಶೂರೆನ್ಸ್ ಪಾಲಿಸಿಯಲ್ಲೂ ಇದನ್ನು ಬೇರೆಯಾಗಿ ಬರೆಸಿ, ಸ್ವಲ್ಪ ಪ್ರೀಮಿಯಂ ಜಾಸ್ತಿ ಆಗುತ್ತೆ.

ಈಗ ನಿಮ್ಮ ಮೇಲಿನ ಕೋಪ. "ಡುಬು ಡುಬು ಅನ್ಸೋರೆಲ್ಲ ಪೋಲಿಗಳು, ಸಬ್‌ವೂಫರ್ ಅನ್ನೋದೇ ಶಬ್ದಮಾಲಿನ್ಯ" ಅಂತ ನಮ್ಮಲ್ಲೇ ಕೆಲವರು ಬರೆದಿದ್ದೀರಿ. ರಾತ್ರಿ ಹತ್ತರ ಮೇಲೆ ಬೀದಿ ಅದುರಿಸುವವರನ್ನು ಬಯ್ಯಿರಿ, ನಾನೂ ಬಯ್ತೀನಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ಮನೆಗಳಿರುವ ಕಡೆ ಹಗಲು 55, ರಾತ್ರಿ 45 ಡೆಸಿಬೆಲ್ ಅಂತ ಮಿತಿಯೇ ಇದೆ. ಕಾರಿನೊಳಗೆ 100 ಡೆಸಿಬೆಲ್ ಮಟ್ಟದಲ್ಲಿ ದಿನಕ್ಕೆ ಕಾಲು ಗಂಟೆ ಮೀರಿದರೆ ಕಿವಿಗೆ ಅಪಾಯ ಅನ್ನೋದೂ ನಿಜ. ಆದರೆ ಕಂಪನಿಯ ಚಿಕ್ಕ ಸ್ಪೀಕರಿನಲ್ಲಿ ಮೃದಂಗದ ಎಡಗೈ ಕೇಳಿಸೋದೇ ಇಲ್ಲವಲ್ಲ! ತಬಲಾದ ಡಗ್ಗಾ ಸತ್ತು ಹೋಗಿರುತ್ತೆ. ಹದವಾಗಿ ಹೊಂದಿಸಿದ ಸಬ್ ಜೋರಿಗಾಗಿ ಅಲ್ಲ, ಹಾಡಿನಲ್ಲಿ ಇದ್ದದ್ದು ಪೂರ್ತಿ ಕೇಳೋಕೆ. ನಮ್ಮ ಬಳಗದಲ್ಲಿ ಎಂಜಿನಿಯರುಗಳಿಗೆ ಬರವಿಲ್ಲ. ಓಮನ ನಿಯಮ ಗೊತ್ತಿದ್ದೂ ನಾವು ಮಳೆ, ಕಾಫಿ, ಹಳೇ ಪ್ರೀತಿ ಅಂತ ಬರೀತಾ ಕೂತಿದ್ದೀವಿ (ನಾನೇ ಮೊದಲಿಗ). ತಮ್ಮನಂಥ ಹುಡುಗರು, ಟ್ಯಾಕ್ಸಿ ಓಡಿಸೋರು, ಫಿಟ್ಟಿಂಗ್ ಮಾಡುವ ಹುಡುಗರೇ ಈ ಸಾಮಾನು ಕೊಳ್ಳೋದು, ಜೋಡಿಸೋದು. ಇಂಗ್ಲಿಷಿನ ಕೈಪಿಡಿ ಅವರು ಓದೋಲ್ಲ. ಅವರು ಓದುವ ಭಾಷೆಯಲ್ಲಿ ಡಬ್ಬ ಬಿಟ್ಟರೆ ಬೇರೆ ಯಾರೂ ಮಾತಾಡ್ತಿಲ್ಲ.

ಕೊನೆಗೆ ಏನು ಮಾಡಿದ್ವಿ ಅಂತ ಕೇಳ್ತೀರಿ. ಪವರ್ ವೈರನ್ನು ಎಳೆದು ಎಸೆದ್ವಿ. ಆಂಪ್ ಹೇಗೋ ಬದುಕಿತ್ತು, ಮುಂದಿನ ಬಾಗಿಲಿನ ಎರಡು ಸ್ಪೀಕರಿಗೆ ಹಾಕಿದ್ವಿ, ತಣ್ಣಗೆ ಕೆಲಸ ಮಾಡ್ತಿದೆ. 10 ಇಂಚಿನ ಸಬ್, 300 ವ್ಯಾಟ್ ಆರ್.ಎಂ.ಎಸ್., ನಾಲ್ಕು ನಾಲ್ಕು ಓಮಿನ ಎರಡು ಕಾಯಿಲ್, ಪ್ಯಾರಲಲ್ ಮಾಡಿ 2 ಓಮ್. ಅದಕ್ಕೆ 2 ಓಮ್‌ನಲ್ಲಿ 300 ಕೊಡುವ ಕ್ಲಾಸ್ ಡಿ ಮೋನೋ ಆಂಪ್. ಪ್ಲೈವುಡ್ ಪೆಟ್ಟಿಗೆ ಹಾಸನದ ಬಡಗಿಯೊಬ್ಬರು ಮಾಡಿಕೊಟ್ಟರು, ಕೈಪಿಡಿ ಹೇಳಿದ ಲೀಟರಿಗೆ ಸರಿಯಾಗಿ, ಸಂದು ಸಂದಿಗೂ ಅಂಟು ಹಾಕಿ. ತಾಮ್ರದ ವೈರ್, ಬ್ಯಾಟರಿ ಪಕ್ಕದಲ್ಲಿ ಫ್ಯೂಸ್, ತೂತಿಗೆ ರಬ್ಬರ್ ಬುಷ್. ಹೊಸ ಸ್ಟೀರಿಯೋ ಬೇಕಾಗಲಿಲ್ಲ. ಕಂಪನಿ ಸ್ಟೀರಿಯೋದಲ್ಲಿ ಆಂಪಿಗೆ ಬೇಕಾದ ಔಟ್‌ಪುಟ್ ಇರಲಿಲ್ಲ, ಸ್ಪೀಕರ್ ವೈರಿಂದಲೇ ಸಿಗ್ನಲ್ ತಗೊಳ್ಳುವ ಹೈ ಲೆವೆಲ್ ಇನ್‌ಪುಟ್ ಆಂಪ್‌ನಲ್ಲೇ ಇತ್ತು.

ಮೊದಲ ಸಲ ಹಾಕಿದಾಗ ತಮ್ಮನ ಮುಖ ಸಪ್ಪಗಾಯ್ತು. "ಅಣ್ಣಾ, ಅಷ್ಟು ಬಡಿತಿಲ್ವಲ್ಲ" ಅಂದ. ಆಮೇಲೆ ಹಿಂದೆ ಕೂತಿದ್ದ ಚಿಕ್ಕಮ್ಮ, "ಏ, ಇದರಲ್ಲಿ ಮೃದಂಗ ಇತ್ತೇನೋ? ನಲವತ್ತು ವರ್ಷದಿಂದ ಈ ಹಾಡು ಕೇಳ್ತಿದೀನಿ" ಅಂದರು. ಅವನು ಏನೂ ಮಾತಾಡದೆ ಹಾಡನ್ನು ಮತ್ತೆ ಮೊದಲಿಂದ ಹಾಕಿದ.

ಮಲ್ಟಿಮೀಟರ್ ನನ್ನ ಹತ್ತಿರ ಇದೆ. ಯಾರಿಗಾದರೂ ಗೇನ್ ಸೆಟ್ ಮಾಡಿಸಬೇಕಿದ್ದರೆ ಕಾಮೆಂಟಿನಲ್ಲಿ ಹೇಳಿ, ಭಾನುವಾರ ಬೆಳಗ್ಗೆ ಬನ್ನಿ. ತಿಂಡಿ ನಂದು. ಬರುವಾಗ ಡಬ್ಬ ತರಬೇಡಿ, ಒಳಗಿನ ಕೈಪಿಡಿ ತನ್ನಿ :-)